ದೊಡ್ಡಮ್ಮನ ಮಗ ಮತ್ತು ಗೋ ಆಡುವ ಹುಡುಗ

ನಿವೃತ್ತನಾದ ಮೇಲೆ ಸಂಜೆ ಏಳಕ್ಕೆ ಟಿವಿಯ ಮುಂದೆ ಕೂತು ವಾರ್ತೆ ನೋಡಿ ದೇಶದ ಬಗ್ಗೆ ಚಿಂತಿಸುವುದು ನನ್ನ ನಿತ್ಯಕರ್ಮವಾಗಿತ್ತು. ಹೋದ ವರ್ಷ ಆ ಹೊತ್ತನ್ನು ಕೊರಿಯಾದವರು ಆಕ್ರಮಿಸಿಕೊಂಡರು. ಕೋಟೆಯ ಬಾಗಿಲು ತೆಗೆದುಕೊಟ್ಟವಳು ನನ್ನ ಮಗಳು.

ಅವಳು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡುತ್ತಾಳೆ. ಆಗ ಅವಳಿಗೆ ಮಹಾಲಕ್ಷ್ಮಿ ಲೇಔಟಿನಿಂದ ಒಂದು ಸಂಬಂಧ ಬಂದಿತ್ತು. ಹುಡುಗ ಒಳ್ಳೆಯವನು, ಜನ ನಮ್ಮ ಪೈಕಿಯೇ. ನನ್ನ ಹೆಂಡತಿಯ ಮನಸ್ಸಿನಲ್ಲಿ ಆಗಲೇ ಧಾರೆ ಮುಗಿದು ಬೀಗರೂಟಕ್ಕೆ ಎಲೆ ಹಾಕಿಯಾಗಿತ್ತು. ಮಗಳು ಮಾತ್ರ, ಈ ಕೊರಿಯಾ ಸೀರಿಯಲ್ ಮುಗಿಯಲಿ, ಆಮೇಲೆ ಹೇಳುತ್ತೇನೆ ಅಂದಳು. ಗಂಡಿನ ಕಡೆಯವರಿಗೆ ಈ ಕಾರಣ ಹೇಳುವ ಹಾಗಿರಲಿಲ್ಲ. ಆಷಾಢ ಕಳೆಯಲಿ ಅಂದೆವು.

ಹೊರದೇಶದ ಸೀರಿಯಲ್ ಅಂದರೆ ಗಾಜಿನ ಕಟ್ಟಡ, ಬಂದೂಕು, ಅರ್ಧಂಬರ್ಧ ಬಟ್ಟೆ ಅಂದುಕೊಂಡು, ತಕ್ಕ ತಿರಸ್ಕಾರವನ್ನು ಮುಖದ ಮೇಲೆ ಸಿದ್ಧಪಡಿಸಿಕೊಂಡು ಕೂತೆ. ತೆರೆಯ ಮೇಲೆ ಬಂದದ್ದು ನಮ್ಮ ರಾಜಾಜಿನಗರದ ಕ್ರಾಸು. ನಾನು ಹೊಸದಾಗಿ ಕೆಲಸಕ್ಕೆ ಸೇರಿದ ಕಾಲದ್ದು. ಇಡೀ ಓಣಿಗೆ ಒಂದು ಫೋನು. ಫೋನಿದ್ದ ಮನೆಯಾಕೆಗೆ ಪಾಳೇಗಾರರ ಗತ್ತು. ಒಲೆಯ ಮೇಲಿಂದ ಇಳಿಸಿದ ಪದಾರ್ಥ ಮುಚ್ಚಳ ಮುಚ್ಚಿಕೊಂಡು ಎದುರುಮನೆಗೆ ಹೋಗುತ್ತದೆ, ಬಟ್ಟಲು ಬರಿದಾಗಿ ವಾಪಸು ಬರುವುದಿಲ್ಲ. ನಮ್ಮ ಬೀದಿಯನ್ನು ಹೇಳದೆ ಕೇಳದೆ ಎತ್ತಿಕೊಂಡು ಹೋಗಿ, ಹುಳಿ ಇದ್ದ ಜಾಗದಲ್ಲಿ ಕೆಂಪಗೆ ಖಾರ ಮೆತ್ತಿದ ಎಲೆಕೋಸು ಇಟ್ಟಿದ್ದಾರೆ ಅಂತ ನನಗೆ ಖಾತ್ರಿಯಾಯಿತು. ಮಾರನೆಯ ದಿನ ಏಳಕ್ಕೆ ಐದು ನಿಮಿಷ ಇರುವಾಗಲೇ ಹೋಗಿ ಕೂತೆ, ಉಳಿದ ಕಳ್ಳತನವನ್ನೂ ಪತ್ತೆಹಚ್ಚುವ ಉದ್ದೇಶದಿಂದ.

ಆ ಓಣಿಯಲ್ಲಿ ಗೋ ಆಡುವ ಹುಡುಗನೊಬ್ಬನಿದ್ದ. ಗೋ ಅಂದರೆ ಚದುರಂಗದ ದಾಯಾದಿ ಅನ್ನಬಹುದು. ಮಣೆಯ ತುಂಬ ಗೆರೆ, ಹುಣಸೆಬೀಜದಂಥ ಕಪ್ಪು ಕಾಯಿ, ಅವರೆಕಾಳಿನಂಥ ಬಿಳಿ ಕಾಯಿ. ಇಟ್ಟ ಕಾಯನ್ನು ಸರಿಸುವ ಹಾಗಿಲ್ಲ. ನುಗ್ಗಿ ಹೊಡೆಯುವುದೂ ಇಲ್ಲ, ಸದ್ದಿಲ್ಲದೆ ಸುತ್ತುವರಿಯಬೇಕು. ಹುಡುಗ ಬಾಯಿಬಿಡುತ್ತಿರಲಿಲ್ಲ, ನೆಲ ನೋಡಿಕೊಂಡು ಓಡಾಡುತ್ತಿದ್ದ. ಅದೇ ಓಣಿಯ ದರ್ಜಿಯ ಮಗಳ ಮೇಲೆ ಅವನಿಗೆ ಮನಸ್ಸು. ಬ್ಯಾಂಕಿನ ಕೆಲಸದ, ಮಾತು ಬಲ್ಲ ಇನ್ನೊಬ್ಬ ಹುಡುಗನಿಗೂ ಮನಸ್ಸು. ಅವಳು ಯಾರನ್ನು ಮದುವೆಯಾದಳು ಅನ್ನುವುದನ್ನು ಕೊನೆಯ ಕಂತಿನವರೆಗೆ ಕಟ್ಟಿಟ್ಟಿದ್ದರು.

ನಮ್ಮ ನಡುಮನೆಯಲ್ಲಿ ಎರಡು ಪಕ್ಷಗಳಾದವು. ಹೆಂಡತಿ ಬ್ಯಾಂಕಿನವನ ಕಡೆ, ನಾನು ಗೋ ಆಡುವವನ ಕಡೆ. ಮಗಳು ಯಾವ ಕಡೆಗೂ ಇಲ್ಲ. ಎದುರುಮನೆಯ ಹುಡುಗ ಕೂಡ ದಿನಾ ಬಂದು ಚಾಪೆಯ ತುದಿಯಲ್ಲಿ ಕೂತು ನೋಡುತ್ತಿದ್ದ, ಅವನೂ ತಟಸ್ಥ. ಅವನ ಅಪ್ಪ ಅಮ್ಮ ದಾವಣಗೆರೆ ಕಡೆಯ ಲಿಂಗವಂತರು. ಅಪ್ಪ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಲೇತ್ ವರ್ಕ್‌ಶಾಪು ಹಾಕಲು ಬಂದವರು, ಈಗ ಅದನ್ನು ಮಗನೇ ನೋಡಿಕೊಳ್ಳುತ್ತಾನೆ. ಅಲ್ಲಿಂದ ರೊಟ್ಟಿ, ಚಟ್ನಿಪುಡಿ ಬರುತ್ತವೆ, ಇಲ್ಲಿಂದ ಬಸ್ಸಾರು ಹೋಗುತ್ತದೆ. ಕೋಳಿ ಸಾರಿನ ದಿನ ಮಾತ್ರ ಬಟ್ಟಲು ರಸ್ತೆ ದಾಟುವುದಿಲ್ಲ.

ಹೆಂಡತಿ ಬ್ಯಾಂಕಿನವನ ಸಂಬಳವನ್ನು ಎತ್ತಿ ಹಿಡಿದಾಗೆಲ್ಲ ನಾನು ತೀರ್ಪು ಕೊಡುತ್ತಿದ್ದೆ. ಹೈಕೋರ್ಟಿನ ಗಾಂಭೀರ್ಯದಲ್ಲೇ ಕೊಡುತ್ತಿದ್ದೆ. ಕಣ್ಣೆದುರಿಗೇ ಬೆಳೆದ ಹುಡುಗ, ಗುಣ ಗೊತ್ತು, ಹೆತ್ತವರು ಗೊತ್ತು. ಅವನನ್ನು ಬಿಟ್ಟು ಹೊರಗೆ ಹುಡುಕುವವರಿಗೆ ಬುದ್ಧಿ ಇಲ್ಲ. ಎದುರುಮನೆಯ ಹುಡುಗ ಚಾಪೆಯ ದಾರ ಕೀಳುತ್ತಾ ಕೇಳಿಸಿಕೊಳ್ಳುತ್ತಿದ್ದ.

ಕೊನೆಯ ಕಂತಿನಲ್ಲಿ ದರ್ಜಿಯ ಮಗಳು ಗೋ ಆಡುವವನನ್ನೇ ಮದುವೆಯಾದಳು. ಚಾಪೆಯ ಹುಡುಗ ಬರ್ತೀನಿ ಅಂತ ಎದ್ದು ಹೋದ. ಗೆದ್ದ ಪಕ್ಷದ ನಾಯಕನಾಗಿ ನಾನು ಶಾವಿಗೆ ಪಾಯಸಕ್ಕೆ ಆಜ್ಞೆ ಮಾಡಿದೆ. ಮಗಳು ಟಿವಿ ಆರಿಸಿದಳು.

"ಅಪ್ಪಾ, ಇಷ್ಟು ದಿನ ಹೇಳಿದ್ರಲ್ಲ, ಅದು ಟಿವಿಗೆ ಮಾತ್ರಾನಾ, ಮನೆಗೂ ಉಂಟಾ?"

ತೀರ್ಪು ಎಲ್ಲ ಕಡೆಗೂ ಒಂದೇ ಅಂದೆ.

"ಹಾಗಾದ್ರೆ ಮಹಾಲಕ್ಷ್ಮಿ ಲೇಔಟ್‌ನವ್ರಿಗೆ ಬೇಡ ಅಂದ್ಬಿಡಿ. ನಾನು ಎದುರುಮನೆಯವನನ್ನೇ ಮದುವೆ ಆಗೋದು."

ನನ್ನ ಹೆಂಡತಿ ಮೊದಲು ಚೇತರಿಸಿಕೊಂಡಳು. ಅವಳು ಹೇಳಿದ ಮಾತು ಇದು: "ಅವನು ನಿಂಗೆ ಅಣ್ಣ ಆಗ್ಬೇಕಲ್ಲೇ."

ಕಾರಣ ನನ್ನ ತಾಯಿ. ದಾವಣಗೆರೆಯವರು ಎದುರುಮನೆಗೆ ಬಂದ ಹೊಸತರಲ್ಲಿ, ಮಗಳು ತೊದಲುವಾಗ, ಆ ಮನೆಯವರನ್ನು ಏನೆಂದು ಕರೆಯಬೇಕೆಂಬ ಪ್ರಶ್ನೆ ಎದ್ದಿತ್ತು. ಆಂಟಿ ಅಂಕಲ್ಲನ್ನು ನನ್ನ ತಾಯಿ ಹೊಸ್ತಿಲೊಳಗೆ ಬಿಡುತ್ತಿರಲಿಲ್ಲ. ನಮಗಿಂತ ನಾಲ್ಕಾರು ವರ್ಷ ದೊಡ್ಡವರು, ದೊಡ್ಡಪ್ಪ, ದೊಡ್ಡಮ್ಮ ಅನ್ನಲಿ ಅಂತ ಇತ್ಯರ್ಥ ಮಾಡಿದರು. ಪ್ರೀತಿಯಿಂದಲೇ ಮಾಡಿದರು. ನಮ್ಮಲ್ಲಿ ಅತ್ತೆಯ ಮಗನಿಗೆ ಹೆಣ್ಣು ಕೊಡಬಹುದು, ದೊಡ್ಡಮ್ಮನ ಮಗ ಒಡಹುಟ್ಟಿದವನ ಸಮಾನ. ಅಂದು ನಮ್ಮಮ್ಮನ ಬಾಯಲ್ಲಿ ಅತ್ತೆ ಅಂತ ಬಂದಿದ್ದರೆ ಇಂದು ದಾರಿ ಸಲೀಸು. ಒಂದು ತೊಟ್ಟು ರಕ್ತ ಹಂಚಿಕೊಳ್ಳದ ಎರಡು ಮನೆಗಳ ನಡುವೆ ಆ ಮುದುಕಿ ಗೋಡೆ ಎಬ್ಬಿಸಿ ನಿಶ್ಚಿಂತೆಯಿಂದ ಸ್ವರ್ಗಕ್ಕೆ ಹೋಗಿದ್ದರು.

ಮಗಳು ತಣ್ಣಗೆ ಕೇಳಿದಳು. "ನಾನು ಯಾವತ್ತಾದ್ರೂ ಅವನನ್ನ ಅಣ್ಣ ಅಂದಿದ್ದು ಕೇಳಿದೀರಾ?"

ನಾವಿಬ್ಬರೂ ನೆನಪನ್ನು ಜಾಲಾಡಿದೆವು. ಕನ್ನಡ ಶಾಲೆ, ಹೈಸ್ಕೂಲು, ಗಣೇಶನ ಹಬ್ಬ, ಇಬ್ಬರೂ ಜಗಳವಾಡಿದ ದಿನಗಳು. ಹೆಸರು ಹಿಡಿದು ಕರೆದಿದ್ದಳು, ಹೋಗೋ ಅಂದಿದ್ದಳು, ಕತ್ತೆ ಅಂದಿದ್ದಳು. ಅಣ್ಣ ಅಂದಿರಲಿಲ್ಲ. ಅವನ ತಾಯಿಯನ್ನು ದಿನಕ್ಕೆ ಹತ್ತು ಸಲ ದೊಡ್ಡಮ್ಮ ಅನ್ನುತ್ತಿದ್ದ ಹುಡುಗಿ, ಆ ಒಂದು ಜಾಗವನ್ನು ಮಾತ್ರ ಖಾಲಿ ಬಿಟ್ಟುಕೊಂಡು ಬಂದಿದ್ದಳು. ನಮ್ಮನ್ನು ಸುತ್ತುವರಿದಾಗಿತ್ತು. ಆ ಸೀರಿಯಲ್ಲನ್ನು ಆಯ್ದು ಹಾಕಿದವಳೂ ಅವಳೇ ಅನ್ನುವುದು ನನಗೆ ಆಗ ಹೊಳೆಯಿತು.

ಜಾತಿ ಬೇರೆ ಅನ್ನುವುದು ನೆನಪಾದದ್ದು ಊಟಕ್ಕೆ ಕೂತಾಗ. ಮುದ್ದೆ ಮುರಿಯುತ್ತಿದ್ದ ಹೆಂಡತಿ, ಅವರು ಬೇರೆ ಜನ ಅಲ್ವಾ, ಅಂದಳು. ಹೌದಲ್ಲ, ಅಂದೆ. ಅಷ್ಟು ತಡವಾಗಿ ನೆನಪಾದದ್ದೇ ನನಗೆ ಇನ್ನೊಂದು ಆಘಾತ. ನೆಂಟರಿಷ್ಟರು ನಮಗಿಂತ ಬೇಗ ನೆನಪು ಮಾಡಿಕೊಳ್ಳುತ್ತಾರೆ ಅಂತ ಅವಳು ಅಂದಳು, ನಿಜ. ಆದರೆ ಮಗಳ ಮುಖ ನೋಡಿದ ಮೇಲೆ ಇಬ್ಬರೂ ಅದನ್ನು ಮುಂದುವರಿಸಲಿಲ್ಲ. ನೀವೇ ಹೋಗಿ ಕೇಳಿ, ತೀರ್ಪು ಕೊಟ್ಟವರು ನೀವು, ಅಂದಳು ಹೆಂಡತಿ.

ಭಾನುವಾರ ಬೆಳಿಗ್ಗೆ ರಸ್ತೆ ದಾಟಿದೆ. ಇಪ್ಪತ್ತು ಅಡಿ ರಸ್ತೆ. ಕರೆಗಂಟೆ ಒತ್ತಿ ಒಳಗೆ ಹೋಗುವ ಅಭ್ಯಾಸ ನನಗೆ ಆ ಮನೆಯಲ್ಲಿ ಇರಲಿಲ್ಲ. ಹುಡುಗನ ಅಪ್ಪ, ನನ್ನ ಹಳೆಯ ಗೆಳೆಯ, ಬನಿಯನ್ನು, ಲುಂಗಿಯಲ್ಲಿ ಪೇಪರು ಹರಡಿಕೊಂಡು ಕೂತಿದ್ದ. ಬಾರೋ, ಆ ಕನ್ನಡಕ ಈ ಕಡೆ ಎಸಿ, ಅಂದ. ಕೊಟ್ಟೆ. ಅವನು ಇಲ್ಲ ಅಂದರೆ ಮಗಳಿಗೆ ಏನು ಹೇಳಲಿ, ಈ ಮನೆಗೆ ಮತ್ತೆ ಹೇಗೆ ಬರಲಿ ಅನ್ನುವುದೇ ತಲೆಯಲ್ಲಿ ಓಡುತ್ತಿತ್ತು. ಪೀಠಿಕೆ ಬಿಟ್ಟು ಎರಡು ವಾಕ್ಯದಲ್ಲಿ ವಿಷಯ ಹೇಳಿದೆ.

ಅವನು ಪೇಪರು ಮಡಚಿದ. ಅಡುಗೆಮನೆಯ ಬಾಗಿಲಲ್ಲಿ ಅವನ ಹೆಂಡತಿ, ನಾನು ಅತ್ತಿಗೆ ಅನ್ನುವ ಹೆಂಗಸು, ಕೈ ಒರೆಸಿಕೊಳ್ಳುತ್ತಾ ನಿಂತಿದ್ದರು. ಗಂಡ ಹೆಂಡತಿ ಒಬ್ಬರನ್ನೊಬ್ಬರು ನೋಡಿಕೊಂಡರು. ಅತ್ತಿಗೆ ಒಳಗೆ ಹೋದರು. ಅವನೂ ಎದ್ದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ಮುಗಿಯಿತು ಅಂದುಕೊಂಡೆ. ಎದ್ದು ಹೋಗಬೇಕೋ ಕೂರಬೇಕೋ ತಿಳಿಯದೆ ಪೇಪರಿನ ಮಡಿಕೆ ಸರಿಮಾಡುತ್ತಿದ್ದೆ.

ಬಾಗಿಲು ತೆರೆಯಿತು. ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಹಣೆಗೆ ವಿಭೂತಿ ಇಟ್ಟು ಹೊರಗೆ ಬಂದ. ಅತ್ತಿಗೆ ಕಾಫಿ ತಂದರು. ದಿನಾ ಕೊಡುವ ಸ್ಟೀಲ್ ಲೋಟದಲ್ಲಲ್ಲ, ಶೋಕೇಸಿನಿಂದ ಇಳಿಸಿದ ಪಿಂಗಾಣಿ ಕಪ್‌-ಸಾಸರಿನಲ್ಲಿ.

"ತಗೊಳ್ಳಿ ಬೀಗ್ರೇ," ಅಂದ ಅವನು. "ಸಕ್ಕರೆ ಸರಿಯಾಗಿದೆಯಾ?"

ಇಷ್ಟು ವರ್ಷದಲ್ಲಿ ಅವನು ನನಗೆ ಬಹುವಚನ ಹಚ್ಚಿದ್ದು ಅದೇ ಮೊದಲು. ಸಕ್ಕರೆ ಕಡಿಮೆಯಿತ್ತು. ಸರಿಯಾಗಿದೆ ಅಂದೆ, ಕುರ್ಚಿಯ ತುದಿಗೆ ಸರಿದು ಕೂತು ಸದ್ದಾಗದ ಹಾಗೆ ಕುಡಿದೆ.