ಅಕ್ಕನಿಗೆ ನಾನು ಮೂಗಾಗಿದ್ದೆ

ಹೋದ ವಾರ ಹೊಸಹಳ್ಳಿ ಮೆಟ್ರೋ ಮೆಟ್ಟಿಲಿಳಿದು ಬರುವಾಗ ಹಣ್ಣಿನ ಗಾಡಿಯವನೊಬ್ಬ ಕಿತ್ತಳೆ ಸುಲಿದು, ‘ತಿಂದು ನೋಡಿ ಸಾರ್, ಆಮೇಲೆ ತಗೊಳ್ಳಿ’ ಎಂದು ಒಂದು ತೊಳೆ ಕೈಗಿಟ್ಟ. ಬಾಯಿಗೆ ಹಾಕಿಕೊಳ್ಳುವ ಮೊದಲೇ ಸಿಪ್ಪೆಯ ವಾಸನೆ ಬಂತು. ಸಿಪ್ಪೆ ಮುರಿದಾಗ ಸಣ್ಣಗೆ ಚಿಮ್ಮುತ್ತದಲ್ಲ, ಕಣ್ಣಿಗೆ ಬಿದ್ದರೆ ಉರಿಯುವಂಥದ್ದು, ಆ ವಾಸನೆ… ನಾನು ಹಣ್ಣು ಕೊಳ್ಳಲಿಲ್ಲ. ಮನೆಗೂ ಹೋಗಲಿಲ್ಲ. ಮೂರು ವರ್ಷದಿಂದ ಹೋಗಬೇಕು, ಹೋಗಬೇಕು ಎಂದುಕೊಂಡು ಹೋಗದೆ ಉಳಿದಿದ್ದ ಒಂದು ಜಾಗಕ್ಕೆ, ಬಸವೇಶ್ವರನಗರದ ಒಂದು ಕೆಫೆಗೆ, ಆಟೋ ಹತ್ತಿದೆ.

ಅಲ್ಲಿ ಏನಾಯಿತು ಎಂದು ಹೇಳುವ ಮೊದಲು ಅಕ್ಕನ ವಿಷಯ ಹೇಳಬೇಕು. ನಾನು ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವನು. ಬರೆದು ರೂಢಿಯಿಲ್ಲ. ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಅಕ್ಕ ನನಗಿಂತ ಆರು ವರ್ಷಕ್ಕೆ ದೊಡ್ಡವಳು. ಅಪ್ಪ ಕುಡಿದು ಕುಡಿದೇ ಹೋದ. ಅಮ್ಮ ಆಮೇಲೆ ಬಹಳ ದಿನ ಇರಲಿಲ್ಲ. ಅಕ್ಕನ ಮದುವೆ ಎರಡೇ ವರ್ಷಕ್ಕೆ ಮುರಿದು ಅವಳು ವಾಪಸು ಬಂದಳು. ಹೆಗ್ಗನಹಳ್ಳಿಯ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಆಮೇಲೆ ನಾವಿಬ್ಬರೇ. ನನಗೆ ಕಾಮಾಕ್ಷಿಪಾಳ್ಯದ ಒಂದು ವರ್ಕ್‌ಶಾಪಿನಲ್ಲಿ ಲೇತ್ ಮಷೀನಿನ ಕೆಲಸ. ಅಕ್ಕ ರಾಜಾಜಿನಗರದಲ್ಲಿ ಒಬ್ಬ ರಿಟೈರ್ ಆದ ಟೀಚರಮ್ಮನ ಮನೆಗೆ ಅಡುಗೆಗೆ ಹೋಗುತ್ತಿದ್ದಳು. ಕೆಲಸ ಮುಗಿಸಿ ಸಂಜೆ ನಾನು ಬಾರ್‌ಗೆ ಹೋಗದೆ ನೇರ ಮನೆಗೆ ಬಂದ ದಿನಗಳು ಕಡಿಮೆ. ಹೆಣ್ಣು ಕೊಡಲು ಯಾರೂ ಮುಂದೆ ಬರದಿದ್ದುದಕ್ಕೆ ಕಾರಣ ಅದೇ. ಅಕ್ಕ ಮಾತ್ರ ಯಾವತ್ತೂ ಬಾಗಿಲು ಹಾಕಿಕೊಳ್ಳಲಿಲ್ಲ.

ಟೀಚರಮ್ಮ ಕ್ರಿಸ್‌ಮಸ್ಸಿಗೆ ಕೇಕು, ಬಿಸ್ಕತ್ತು ಎಲ್ಲ ಮನೆಯಲ್ಲೇ ಮಾಡುವವರು. ಅವರ ಹತ್ತಿರ ಅಕ್ಕ ಕಲಿತದ್ದರಲ್ಲಿ ಒಂದು, ಕಿತ್ತಳೆ ಬಾರ್. ಮೈದಾ, ಬೆಣ್ಣೆ, ಸಕ್ಕರೆ ಕಲೆಸಿ ಟ್ರೇಗೆ ಒತ್ತಿ ಓವನ್ನಿನಲ್ಲಿ ಬೇಯಿಸುವುದು. ಅದರ ಮೇಲೆ ಕಿತ್ತಳೆ ರಸ, ತುರಿದ ಸಿಪ್ಪೆ, ಮೊಟ್ಟೆ, ಸಕ್ಕರೆ ಕದಡಿ ಹುಯ್ದು ಮತ್ತೆ ಬೇಯಿಸುವುದು. ಹೊರಗೆ ತೆಗೆದಾಗ, ಬಿಸಿಯಿರುವಾಗಲೇ, ಸಕ್ಕರೆ ಪಾಕಕ್ಕೆ ಎರಡು ಚಮಚ ಲಿಕ್ಕರ್ ಬೆರೆಸಿ ಮೇಲೆ ಸವರುವುದು. ಆರಿದ ಮೇಲೆ ಬರ್ಫಿಯ ಹಾಗೆ ಕತ್ತರಿಸುವುದು. ಲಿಕ್ಕರ್ ಅಂದರೆ ಕಿತ್ತಳೆ ಸಿಪ್ಪೆಯ ಘಮಲಿನ, ಸಿಹಿಯಾದ ಫಾರಿನ್ ಮದ್ಯ. ಜೇನುತುಪ್ಪದ ಬಣ್ಣ. ‘ಅದಿಲ್ದಿದ್ರೆ ಬರೀ ಸಿಹಿ ಕಣೋ. ಅದು ಬಿದ್ರೆ ಹಣ್ಣು ಈಗ್ತಾನೆ ಸುಲಿದಂಗಿರುತ್ತೆ’ ಎನ್ನುತ್ತಿದ್ದಳು.

ಒಮ್ಮೆ ವರ್ಕ್‌ಶಾಪಿಗೆ ಡಬ್ಬಿಯಲ್ಲಿ ಕಟ್ಟಿಕೊಟ್ಟಿದ್ದಳು. ‘ಮಗಾ, ಇನ್ಮೇಲೆ ನೀನು ಬಾರ್‌ಗೆ ಹೋಗೋದೇ ಬೇಡ. ನಿಮ್ಮಕ್ಕ ಮನೇಲೇ ಬಾರ್ ಓಪನ್ ಮಾಡವ್ರೆ’ ಎಂದು ಹುಡುಗರು ನಕ್ಕರು. ನಗುತ್ತ ನಗುತ್ತಲೇ ಡಬ್ಬಿ ಖಾಲಿ ಮಾಡಿದರು. ಆ ವಾರ ನಾನು ಉಳಿದ ಸ್ಟೀಲ್ ಶೀಟ್ ಬಗ್ಗಿಸಿ, ಅಂಚು ಉಜ್ಜಿ ನುಣ್ಣಗೆ ಮಾಡಿ, ಅಕ್ಕನಿಗೊಂದು ಟ್ರೇ ಮಾಡಿಕೊಟ್ಟೆ. ಅವಳು ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು. ನನ್ನಿಂದ ಅವಳಿಗೆ ಆದ ಒಳ್ಳೆಯದು ಅದೊಂದೇ ಇರಬೇಕು.

ಎರಡನೇ ಅಲೆಯಲ್ಲಿ ಅಕ್ಕನಿಗೆ ಕೊರೋನಾ ಬಂತು. ಜ್ವರ ಹೋಯಿತು, ಕೆಮ್ಮು ಹೋಯಿತು. ಹೋದ ವಾಸನೆ ಮಾತ್ರ ವಾಪಸು ಬರಲಿಲ್ಲ. ಅವಳು ಯಾರಿಗೂ ಹೇಳಿರಲಿಲ್ಲ. ಒಂದು ಬೆಳಿಗ್ಗೆ ಹಾಲು ಸೀದು ಮನೆಯೆಲ್ಲ ಹೊಗೆ ವಾಸನೆ, ಅಕ್ಕ ಪಕ್ಕದಲ್ಲೇ ಬೆನ್ನು ಹಾಕಿ ಕೂತು ಬೆಳ್ಳುಳ್ಳಿ ಬಿಡಿಸುತ್ತಿದ್ದಳು. ಆವತ್ತು ನನಗೆ ಗೊತ್ತಾಯಿತು. ‘ಯಾರಿಗೂ ಹೇಳ್ಬೇಡ ಕಣೋ. ಅಡುಗೆಯವಳಿಗೆ ಮೂಗಿಲ್ಲ ಅಂತ ಗೊತ್ತಾದ್ರೆ ಯಾರು ಇಟ್ಕೋತಾರೆ?’ ಎಂದಳು. ನಾಲಿಗೆಗೆ ಉಪ್ಪು, ಹುಳಿ, ಸಿಹಿ, ಖಾರ ಇಷ್ಟೇ ತಿಳಿಯುತ್ತಿತ್ತು.

ಅಲ್ಲಿಂದ ಅವಳಿಗೆ ನಾನು ಮೂಗು. ನನ್ನ ಮೂಗು ಚುರುಕು. ಮಷೀನಿನಲ್ಲಿ ಎಣ್ಣೆ ಹೊಗೆಯಾಡುವ ಮುಂಚೆಯೇ ಸುಡುತ್ತಿದೆ ಎಂದು ಹೇಳಬಲ್ಲೆ. ‘ಬಾರೋ ಮೂಗಪ್ಪ’ ಎಂದು ಕೂಗುತ್ತಿದ್ದಳು. ಹೋಗಿ ಒಗ್ಗರಣೆ ನೋಡುತ್ತಿದ್ದೆ, ನಿನ್ನೆಯ ಸಾರು ನೋಡುತ್ತಿದ್ದೆ, ಬೆಣ್ಣೆ ನೋಡುತ್ತಿದ್ದೆ. ಹಳಸಿದೆ ಎಂದರೆ ಚೆಲ್ಲುತ್ತಿದ್ದಳು, ಚೆನ್ನಾಗಿದೆ ಎಂದರೆ ಬಡಿಸುತ್ತಿದ್ದಳು. ಎರಡನೇ ಮಾತು ಕೇಳುತ್ತಿರಲಿಲ್ಲ. ಮನೆಯಲ್ಲಿ ನಾನು ಉಪಯೋಗಕ್ಕೆ ಬರುತ್ತಿದ್ದೇನೆ ಅನ್ನಿಸಿತು. ಆ ಹುರುಪಿನಲ್ಲೇ ಕುಡಿಯುವುದನ್ನು ಬಿಟ್ಟೆ. ಒಂದು ತಿಂಗಳು, ಎರಡು, ಮೂರು…

ಅಷ್ಟರಲ್ಲಿ ಟೀಚರಮ್ಮ ಮಗಳ ಊರಿಗೆ ಹೊರಟರು. ಹೋಗುವಾಗ ತಮ್ಮ ಪುಟ್ಟ ಓವನ್ನನ್ನೂ ಮುಕ್ಕಾಲು ಬಾಟಲಿ ಲಿಕ್ಕರನ್ನೂ ಅಕ್ಕನಿಗೆ ಕೊಟ್ಟು ಹೋದರು. ಬಾಟಲಿಯನ್ನು ಅಕ್ಕ ಅಡುಗೆಮನೆಯ ಶೆಲ್ಫಿನ ಮೇಲೆ, ಎಲ್ಲರಿಗೂ ಕಾಣುವ ಹಾಗೆ ಇಟ್ಟಳು. ಮನೆ ಓನರ್ ಆಂಟಿ ಅದನ್ನು ನೋಡಿ ಬಾಗಿಲಲ್ಲೇ ನಿಂತರು.

‘ಏನೇ ಇದು, ಇವನಿರೋ ಮನೇಲಿ! ಕೊಡಿಲ್ಲಿ, ನಮ್ಮ ಬೀರುವಲ್ಲಿ ಬೀಗ ಹಾಕಿಡ್ತೀನಿ.’

‘ಬೀಗ ಹಾಕೋಕೆ ಅವನೇನು ಕಳ್ಳನಾ ಆಂಟಿ? ಬಿಟ್ಟು ಮೂರು ತಿಂಗಳಾಯ್ತು’ ಎಂದಳು ಅಕ್ಕ.

ಒಳಗೆ ಊಟ ಮಾಡುತ್ತಿದ್ದ ನನಗೆ ಎರಡೂ ಮಾತು ಕೇಳಿಸಿದವು.

ಅದಾದ ಮೇಲೆ ಹದಿನೈದು ದಿನ ಕಳೆದಿರಬಹುದು. ಏಕೆ ಮುಟ್ಟಿದೆ ಎಂದು ಕೇಳಿದರೆ ಹೇಳಲು ನೂರು ಕಾರಣ ಇವೆ. ಯಾವುದನ್ನು ಹೇಳಿದರೂ ನೆಪವಾಗುತ್ತದೆ. ಮೊದಲು ಒಂದು ಮುಚ್ಚಳ. ಆಮೇಲೆ ಎರಡು. ಬಾಟಲಿ ಇಳಿಯುವುದು ಕಾಣಬಾರದಲ್ಲ, ಸಕ್ಕರೆ ನೀರು ಕುದಿಸಿ, ಅದಕ್ಕೆ ಒಂದಿಷ್ಟು ಟೀ ಡಿಕಾಕ್ಷನ್, ಒಂದು ಚೂರು ಕಿತ್ತಳೆ ಶರಬತ್ತು ಬೆರೆಸಿ ಬಣ್ಣ ಹೊಂದಿಸಿ ತುಂಬುತ್ತಿದ್ದೆ. ಬಣ್ಣ ಕೂದಲೆಳೆಯಷ್ಟೂ ಆಚೀಚೆ ಆಗದಂತೆ ಹೊಂದಿಸಿದ್ದೆ. ಅದರ ಬಗ್ಗೆ ನನಗೆ ಒಳಗೊಳಗೇ ಹೆಮ್ಮೆಯೂ ಇತ್ತು ಎಂದು ಬರೆಯಲು ಈಗ ನಾಚಿಕೆಯಾಗುತ್ತದೆ. ಸಂಕ್ರಾಂತಿಯ ಹೊತ್ತಿಗೆ ಬಾಟಲಿಯಲ್ಲಿ ಅಕ್ಕನದು ಎನ್ನುವಂಥದ್ದು ಹೆಚ್ಚೇನೂ ಉಳಿದಿರಲಿಲ್ಲ. ಅವಳು ಅದನ್ನು ದೊಡ್ಡ ಕೆಲಸಕ್ಕೆ ಎಂದು ಕಾಪಾಡುತ್ತಿದ್ದಳು, ಮುಚ್ಚಳ ತೆಗೆದೇ ಇರಲಿಲ್ಲ.

ದೊಡ್ಡ ಕೆಲಸ ಬಂತು. ಬಸವೇಶ್ವರನಗರದಲ್ಲಿ ಹೊಸ ಕೆಫೆ ಶುರುವಾಗುತ್ತಿದೆ, ಅದರ ಮೇಡಂ ಬೇಕಿಂಗ್ ಬಲ್ಲವರನ್ನು ಹುಡುಕುತ್ತಿದ್ದಾರೆ, ಒಂದೊಂದು ತಿಂಡಿ ಮಾಡಿಕೊಂಡು ಬಂದು ತೋರಿಸಬೇಕು ಎಂದು ಯಾರೋ ಹೇಳಿದರು. ಮೂರು ದಿನ ಅಕ್ಕನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ‘ಇನ್ನೊಬ್ರ ಮನೇಲಿ ಬೇಯಿಸಿ ಹಾಕಿ ಪಾತ್ರೇನೂ ತೊಳೆಯೋದಲ್ಲ ಕಣೋ. ಏಪ್ರನ್ ಕೊಡ್ತಾರಂತೆ. ಬೇಕರ್ ಅಂತ ಕರೀತಾರಂತೆ’ ಎಂದಳು. ಅಷ್ಟು ವರ್ಷದಲ್ಲಿ ಅವಳು ತನಗೆಂದು ಏನನ್ನಾದರೂ ಬಯಸಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಆ ಬೆಳಿಗ್ಗೆ ಬೇಗ ಎದ್ದು, ಸ್ನಾನ ಮಾಡಿ, ನಾನು ಮಾಡಿಕೊಟ್ಟ ಟ್ರೇಯಲ್ಲೇ ಬಾರ್ ಬೇಯಿಸಿದಳು. ಬಣ್ಣ ಚಿನ್ನದ ಹಾಗೆ ಬಂದಿತ್ತು. ಪಾಕ ಇಳಿಸಿ, ಬಾಟಲಿಯ ಮುಚ್ಚಳ ತಿರುಗಿಸಿ, ಚಮಚಕ್ಕೆ ಬಗ್ಗಿಸಿ, ಅದನ್ನು ನನ್ನ ಮೂಗಿನ ಹತ್ತಿರ ತಂದಳು.

‘ಮೂಗಪ್ಪ, ನೋಡು. ಹೆಂಗಿದೆ?’

ಹುಳಿತಿತ್ತು. ಮದುವೆ ಮನೆಯ ಹಿತ್ತಲಲ್ಲಿ ಮರುದಿನ ಬಿದ್ದಿರುತ್ತವಲ್ಲ ಜ್ಯೂಸ್ ಲೋಟಗಳು, ಆ ವಾಸನೆ. ವಾರಗಟ್ಟಲೆ ನಿಂತ ಸಕ್ಕರೆ ನೀರು ಇನ್ನೇನಾಗುತ್ತದೆ… ಕೆಟ್ಟಿದೆ ಎಂದರೆ ಅವಳು ಅದನ್ನು ಚೆಲ್ಲಿ, ಬರೀ ಪಾಕ ಸವರಿಕೊಂಡು ಹೋಗುತ್ತಿದ್ದಳು. ಆದರೆ ಇಂಥ ಬಾಟಲಿ ಹೇಗೆ ಕೆಟ್ಟಿತು ಎಂದು ಕೇಳಿದರೆ? ಅವಳ ಕೈ ನನ್ನ ಮುಖದ ಮುಂದೆ ಹಾಗೇ ನಿಂತಿತ್ತು. ಎರಡು ಚಮಚ ತಾನೇ, ಬಿಸಿಗೆ ಹೋಗುತ್ತದೆ ಎಂದುಕೊಂಡೆ.

‘ಘಮ್ ಅಂತಿದೆ ಅಕ್ಕ’ ಎಂದೆ.

ಅವಳು ಎರಡನೇ ಮಾತು ಕೇಳಲಿಲ್ಲ.

ಕೆಫೆಯ ತನಕ ಜೊತೆಗೆ ಹೋದೆ. ಅವಳು ಒಳಗೆ, ನಾನು ಹೊರಗೆ ಹೊಂಗೆ ಮರದ ಕೆಳಗೆ. ಅರ್ಧ ಗಂಟೆಗೆ ಬಂದಳು. ಡಬ್ಬಿ ಹೋಗುವಾಗ ಇದ್ದಷ್ಟೇ ಭಾರವಾಗಿತ್ತು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚುತ್ತ ಕೂತಿದ್ದಳು. ಸುಂಕದಕಟ್ಟೆ ದಾಟಿದ ಮೇಲೆ, ‘ಮೂಗಿಲ್ದೋಳಿಗೆ ಈ ಕೆಲಸ ಅಲ್ಲ ಬಿಡೋ’ ಎಂದಳು. ಅಷ್ಟೇ. ಆ ಭಾನುವಾರ ಓವನ್ನನ್ನು ಓನರ್ ಆಂಟಿಗೆ ಕೊಟ್ಟುಬಿಟ್ಟಳು. ಟ್ರೇ ಮಹಡಿ ಮೇಲೆ ಮೆಣಸಿನಕಾಯಿ ಒಣಗಿಸಲು ಹೋಯಿತು. ಬೇರೆ ಬೇರೆ ಮನೆಗಳಿಗೆ ಅಡುಗೆಗೆ ಹೋದಳು. ಅಲ್ಲಿ ಬರೀ ಅನ್ನ, ಸಾರು, ಪಲ್ಯ.

ಅವತ್ತಿನಿಂದ ನಾನು ಒಂದು ಹನಿ ಮುಟ್ಟಿಲ್ಲ. ಇದೂ ನನ್ನ ಶಿಕ್ಷೆಯಲ್ಲಿ ಸೇರಿತು. ಅಕ್ಕ ಸಿಕ್ಕವರಿಗೆಲ್ಲ, ‘ನನ್ ತಮ್ಮ ನೋಡಿ, ಯಾವ ಡಾಕ್ಟ್ರೂ ಇಲ್ಲ, ಔಷಧೀನೂ ಇಲ್ಲ, ಅವನಾಗವನೇ ಬಿಟ್ಟ’ ಎಂದು ಹೇಳಿಕೊಂಡು ತಿರುಗುತ್ತಿದ್ದಳು. ಆ ಸಂತೋಷ ನೋಡಿ ನಾಳೆ ಹೇಳೋಣ ಎನ್ನುತ್ತಿದ್ದೆ. ನನ್ನ ಮದುವೆಯಾದ ಮೇಲೆ ಹೇಳೋಣ ಎಂದೆ. ಮದುವೆಯಾಯಿತು, ಹೇಳಲಿಲ್ಲ. ಹೋದ ಆಷಾಢದಲ್ಲಿ ಅಕ್ಕನಿಗೆ ಸ್ಟ್ರೋಕ್ ಆಗಿ ಆಸ್ಪತ್ರೆಯಲ್ಲಿ ಮೂರು ದಿನ ಇದ್ದಳು. ಎರಡನೇ ದಿನ ಕಣ್ಣು ಬಿಟ್ಟು ನನ್ನನ್ನೇ ನೋಡಿದಳು. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ‘ಅಕ್ಕ…’ ಎಂದೆ. ಆಮೇಲೆ, ‘ನೀರು ಬೇಕಾ?’ ಎಂದು ಕೇಳಿದೆ.

ಹೋದ ವಾರ ಕೆಫೆಗೆ ಹೋದಾಗ ಜನ ಕಡಿಮೆ ಇದ್ದರು. ಮೇಡಂ ಕೌಂಟರಿನಲ್ಲೇ ಕೂತಿದ್ದರು. ಮೂರು ವರ್ಷದ ಕೆಳಗೆ ಕಿತ್ತಳೆ ಬಾರ್ ಮಾಡಿಕೊಂಡು ಬಂದಿದ್ದ ಹೆಂಗಸಿನ ತಮ್ಮ ನಾನು ಎಂದೆ. ಅವರಿಗೆ ನೆನಪಿರಲಾರದು ಎಂದುಕೊಂಡಿದ್ದೆ. ಅವರು ನನಗೊಂದು ಕುರ್ಚಿ ತೋರಿಸಿದರು.

‘ಮರೆಯೋಕಾಗುತ್ತಾ? ಅವತ್ತು ಬಂದವರೆಲ್ಲ ಅದೇ ಚಾಕೊಲೇಟ್ ಕೇಕ್. ನಿಮ್ಮಕ್ಕ ಒಬ್ರೇ ಬೇರೆ ತಂದಿದ್ದು. ಕೆಳಗಿನ ಬೇಸ್ ಎಷ್ಟು ಚೆನ್ನಾಗಿ ಬಂದಿತ್ತು ಗೊತ್ತಾ? ಮೇಲಿನ ಸಿರಪ್ ಒಂದು ಹುಳಿತು ಹೋಗಿತ್ತು. ಬಾಟಲ್ ಕೆಟ್ಟಿರ್ಬೇಕು, ಬೇರೆ ಹಾಕಿ ನಾಳೆ ಇನ್ನೊಂದ್ಸಲ ಮಾಡ್ಕೊಂಡು ಬನ್ನಿ ಅಂದೆ.’

ಇನ್ನೊಂದು ಸಲ ಬನ್ನಿ ಎಂದಿದ್ದರು. ಈ ಮಾತು ಅಕ್ಕ ನನಗೆ ಹೇಳಿರಲೇ ಇಲ್ಲ.

‘ಅದಕ್ಕೆ ಅವಳೇನಂದಳು ಮೇಡಂ?’

‘ಬಾಟಲ್ ಕೆಟ್ಟಿಲ್ಲ ಮೇಡಂ, ನಮ್ ತಮ್ಮ ವಾಸನೆ ನೋಡಿದಾನೆ ಅಂದ್ರು. ನಂಗೆ ವಾಸನೆ ಬರಲ್ಲ ಅಂತ ಅವರು ಆವಾಗ್ಲೇ ಹೇಳಿದ್ದು. ಹಂಗಾದ್ರೆ ನಿಮ್ ತಮ್ಮಂಗೂ ಮೂಗಿಲ್ಲ ಬಿಡಿ ಅಂತ ನಾನು ತಮಾಷೆ ಮಾಡ್ದೆ. ಅವರು ನಗಲಿಲ್ಲ. ಅವನು ನಂಗೆ ಸುಳ್ಳು ಹೇಳಲ್ಲ, ನನ್ ಕೈಯಲ್ಲೇ ಏನೋ ಕೆಟ್ಟಿದೆ ಅಂದ್ರು. ನಾಳೆ ಬನ್ನಿ, ನಾಳೆ ಬನ್ನಿ ಅಂತ ಎರಡು ಸಲ ಹೇಳ್ದೆ. ಬರಲಿಲ್ಲ.’

ಇಷ್ಟು ವರ್ಷ ನಾನು ಕೆಡಿಸಿದ್ದು ಒಂದು ಟ್ರೇ ತಿಂಡಿಯನ್ನು ಎಂದುಕೊಂಡಿದ್ದೆ. ನನ್ನ ಮಾತನ್ನು ಅವಳು ನಂಬದೆ ಇದ್ದಿದ್ದರೆ ಬಾಟಲಿಯನ್ನು ಅನುಮಾನಿಸುತ್ತಿದ್ದಳು, ಮಾರನೆಯ ದಿನ ಮತ್ತೆ ಬರುತ್ತಿದ್ದಳು, ಆ ಏಪ್ರನ್ ಕಟ್ಟಿಕೊಳ್ಳುತ್ತಿದ್ದಳು. ನಂಬಿದಳು. ಹಾಗಾಗಿ ತನ್ನ ಕೈಯನ್ನೇ ಅನುಮಾನಿಸಿದಳು. ಸಾಯುವ ತನಕ…

‘ಬಾಟಲಿ ಕೆಟ್ಟಿತ್ತು ಮೇಡಂ’ ಎಂದೆ. ಕುಡಿದದ್ದು, ಸಕ್ಕರೆ ನೀರು ತುಂಬಿದ್ದು, ಆ ಬೆಳಿಗ್ಗೆ ಘಮ್ ಅಂತಿದೆ ಎಂದದ್ದು, ಎಲ್ಲ ಹೇಳಿದೆ. ಕೊನೆಗೆ ಮೇಡಂ ಮುಖದಲ್ಲಿ ಸಿಟ್ಟು ಬಂತು. ನನಗೆ ಅದರಿಂದ ಸ್ವಲ್ಪ ಹಗುರವಾಯಿತು.

‘ಇದನ್ನ ನನಗ್ಯಾಕೆ ಹೇಳ್ತಿದೀರ? ಮೊದಲು ಹೋಗಿ ಅವರಿಗೆ ಹೇಳಿ. ಹೇಳಿ ಇಲ್ಲಿಗೆ ಕರ್ಕೊಂಡು ಬನ್ನಿ. ವಾಸನೆ ನೋಡೋಕೆ ನನ್ನ ಹತ್ರ ಹುಡುಗೀರಿದಾರೆ, ಅಂಥ ಕೈ ಇಲ್ಲ.’ ಬಿಲ್ ಪುಸ್ತಕ ಎಳೆದುಕೊಂಡು ಪೆನ್ನಿನ ಮುಚ್ಚಳ ತೆಗೆದರು. ‘ಅವರ ನಂಬರ್ ಹೇಳಿ, ನಾನೇ ಮಾತಾಡ್ತೀನಿ.’

ಅಕ್ಕನ ನಂಬರು ನನಗೆ ಬಾಯಿಪಾಠ. ಹೇಳಲು ಶುರು ಮಾಡಿದೆ. ಅವರು ಒಂದೊಂದಾಗಿ ಬರೆದುಕೊಳ್ಳುತ್ತಿದ್ದರು. ನಾಲ್ಕು ಅಂಕಿಯ ತನಕ ಅಕ್ಕನಿಗೆ ಕೆಲಸ ಸಿಕ್ಕಿತ್ತು. ಐದನೆಯದು ನನ್ನ ಬಾಯಿಂದ ಬರಲಿಲ್ಲ.

‘ಹೋದ ಆಷಾಢದಲ್ಲಿ ತೀರಿಕೊಂಡಳು ಮೇಡಂ’ ಎಂದೆ.

ಅವರು ಬರೆದದ್ದನ್ನು ಹೊಡೆದು ಹಾಕಲಿಲ್ಲ. ಪೆನ್ನು ಹಿಡಿದುಕೊಂಡೇ ಆ ನಾಲ್ಕು ಅಂಕಿಗಳನ್ನು ನೋಡುತ್ತ ಕೂತರು.