ಹಗ್ಗ ದಾಟುತ್ತಿದ್ದ ಗಂಗತ್ತೆ

ಕಣದಲ್ಲಿ ಹರವಿದ ಕಾಫಿ ಹಣ್ಣು ಮೂರನೇ ದಿನಕ್ಕೆ ಹುಳಿ ವಾಸನೆ ಬಿಡುತ್ತದಲ್ಲ, ಅದು ಎಲ್ಲೇ ಮೂಗಿಗೆ ಬಡಿದರೂ ನನಗೆ ಮೊದಲು ನೆನಪಾಗುವುದು ಗಂಗತ್ತೆಯ ಬರಿಗಾಲು. ನಿಮ್ಮ ಮನೆಯಲ್ಲೂ ಇಂಥ ಒಬ್ಬಳು ಇದ್ದಿರಬೇಕು. ಗಂಗತ್ತೆ ಅಪ್ಪನ ಅಕ್ಕ. ಗಂಡ ತೀರಿದ ಮೇಲೆ ಆಲೂರಿನ ಕಡೆಯ ನಮ್ಮ ಮನೆಗೇ ಬಂದಿದ್ದವಳು. ತೊಂಬತ್ತರ ದಶಕದ ಆ ದಿನಗಳಲ್ಲಿ ಅಪ್ಪನಿಗೂ ಪಕ್ಕದ ಮನೆಯ ಚಿಕ್ಕಪ್ಪನಿಗೂ ಮಾತಿರಲಿಲ್ಲ. ಬೇಲಿಯ ಸಿಲ್ವರ್ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ ಯಾರದು ಅನ್ನುವುದಷ್ಟೇ ಜಗಳ. ಕಾಫಿ ಒಣಗಿಸುವ ಕಣ ಮಾತ್ರ ಒಂದೇ. ನಡುವೆ ಹಗ್ಗ ಎಳೆದು ಆ ಕಡೆ ಅವರದು, ಈ ಕಡೆ ನಮ್ಮದು ಅಂತ ಮಾಡಿಕೊಂಡಿದ್ದರು. ಅದನ್ನು ದಾಟುತ್ತಿದ್ದದ್ದು ಕೋಳಿಗಳು ಮತ್ತು ಗಂಗತ್ತೆ.

"ಅವನ ಹಣ್ಣು ಈ ಕಡೆ ಬಂದ್ರೆ ಗುಡಿಸಿ ಹಳ್ಳಕ್ಕೆ ಎಸ್ದುಬುಡ್ತೀನಿ ಅಂತ ಹೇಳಕ್ಕ," ಎಂದು ಅಪ್ಪ ಜಗಲಿಯಲ್ಲಿ ಕೂತು ಗುಡುಗುತ್ತಿದ್ದ. ಇಂಥ ಮಾತು ಹೊತ್ತು ಹೋದವಳನ್ನು ಚಿಕ್ಕಪ್ಪ ಕಾಫಿ ಕೊಟ್ಟು ಕೂರಿಸುತ್ತಾನಲ್ಲ, ಅದು ಹೇಗೆ? ಕುತೂಹಲ ತಡೆಯಲಾರದೆ ಒಂದು ದಿನ ಹಿಂದೆಯೇ ಹೋಗಿ ಅವರ ಬಾಗಿಲ ಮರೆಯಲ್ಲಿ ನಿಂತೆ. "ಮೋಡ ಐತೆ, ಹಣ್ಣು ಬೇಗ ರಾಶಿ ಮಾಡ್ಕೊಳ್ಳೋಕೆ ಹೇಳು ಅಂದ ಕಣೋ ನಿಮ್ಮಣ್ಣ. ನಿನ್ನ ಕೆಮ್ಮು ಹೆಂಗೈತೆ ಅಂತಾನೂ ಕೇಳ್ದ," ಅಂದಳು ಅತ್ತೆ. ಅಬ್ಬಾ, ಒಂಚೂರೂ ತಡವರಿಸಲಿಲ್ಲ! ಹೊರಗೆ ಬಂದವಳು ನನ್ನ ಕಿವಿ ಹಿಂಡಿದಳು. "ಬಾಯಿ ಬಿಟ್ರೆ ನೋಡು. ಇಬ್ರನ್ನೂ ಒಂದೇ ಪಂಕ್ತೀಲಿ ಕೂರ್ಸಿ ಉಣ್ಣಿಸೋಗಂಟ ನಾನು ಸಾಯಾಕಿಲ್ಲ ಕಣೇ."

ಮರುವರ್ಷವೇ ಸತ್ತುಹೋದಳು. ಮಣ್ಣು ಮಾಡಿ ಬಂದ ಮೇಲೂ ಅಣ್ಣತಮ್ಮ ಬೇರೆಬೇರೆ ಜಗಲಿಯಲ್ಲೇ ಕೂತರು. ಎಂಥ ಹಟಮಾರಿಗಳು! ನನಗೆ ಸಿಟ್ಟೂ ಅಳುವೂ ಒಟ್ಟಿಗೇ ಬಂದವು. ಎರಡು ದಿನ ಕಳೆದು ಚಿಕ್ಕಪ್ಪ ಹಗ್ಗದಾಚೆಯಿಂದ ನನ್ನನ್ನು ಕರೆದ. "ಪುಟ್ಟೀ, ನಿಮ್ಮಪ್ಪ ದಿನಾ ನನ್ನ ಕೆಮ್ಮು ಕೇಳಿ ಕಳಿಸ್ತಿದ್ದ. ಈಗ ಕೇಳ್ಲೇ ಇಲ್ವಲ್ಲೇ?" ಅಪ್ಪ ಒಮ್ಮೆಯೂ ಕೇಳಿದವನಲ್ಲ. "ಕೇಳಿದ್ರು ಚಿಕ್ಕಪ್ಪ," ಅಂದುಬಿಟ್ಟೆ. ಅವನು ಟವೆಲಿನಿಂದ ಕಣ್ಣೊರೆಸಿಕೊಂಡು, "ವಾಸಿ ಐತೆ ಅಂತ ಹೇಳು," ಅಂದ.

ಹೇಳಿದೆ. ಅಪ್ಪ ರೇಗುತ್ತಾನೆಂದು ಕಂಬ ಹಿಡಿದು ನಿಂತಿದ್ದೆ. ಅವನು ಕಣದ ಕಡೆ ನೋಡುತ್ತಾ ಮೆಲ್ಲಗೆ ಕೇಳಿದ: "ಕೆಮ್ಮು ರಾತ್ರಿ ಹೊತ್ತೂ ಬರಾಕಿಲ್ವಂತಾ?"

ತಿಥಿಯ ದಿನ ಇಬ್ಬರೂ ಒಂದೇ ಪಂಕ್ತಿಯಲ್ಲಿ ಕೂತರು. ಅಪ್ಪ ತನ್ನ ಎಲೆಯ ಮುಂದಿದ್ದ ನೀರಿನ ಲೋಟವನ್ನು ತಮ್ಮನ ಕಡೆ ಸರಿಸಿದ. ಅತ್ತೆಗೆ ಓಡಿ ಹೋಗಿ ಹೇಳಬೇಕು ಅನ್ನಿಸಿತು. ಆ ಸುದ್ದಿ ಅವಳಿಗೆ ಮುಟ್ಟಿಸುವವರು ಯಾರೂ ಇರಲಿಲ್ಲ.