ಚಿಕ್ಕಮ್ಮ ಕಲಿತ ಭಾಷೆ

ನನ್ನ ಚಿಕ್ಕಪ್ಪ ಹಲ್ಲು ಮಾಡುವವರು. ಡಾಕ್ಟರಲ್ಲ. ಡಾಕ್ಟರು ಬಾಯಿಯ ಅಳತೆ ತೆಗೆದು ಕಳಿಸಿದರೆ, ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಕೂತು ಪ್ಲಾಸ್ಟರಿನಲ್ಲಿ ದವಡೆಯ ಅಚ್ಚು ಹುಯ್ದು, ಮೇಣದ ಮೇಲೆ ಒಂದೊಂದೇ ಹಲ್ಲು ಕೂರಿಸಿ ಸೆಟ್ಟು ತಯಾರಿಸುವುದು ಅವರ ಕೆಲಸ. ಮೂವತ್ತೊಂದು ವರ್ಷದಿಂದ ಅದೇ. ಬೀದಿಯಲ್ಲಿ ಯಾರಾದರೂ ನಕ್ಕರೆ ಮುಖ ನೋಡುವುದಿಲ್ಲ. ಹಲ್ಲು ನೋಡಿ "ಇದು ನಮ್ಮದೇ" ಎನ್ನುತ್ತಾರೆ. ಊರಿಗೆಲ್ಲ ನಗು ಹಂಚಿ ತನಗೇ ಉಳಿಸಿಕೊಳ್ಳದ ಮನುಷ್ಯ ಎಂದು ನಮ್ಮ ಮನೆಯಲ್ಲಿ ತಮಾಷೆ ಮಾಡುತ್ತಿದ್ದೆವು. ಕೆಟ್ಟವರಲ್ಲ. ಕುಡಿದವರಲ್ಲ, ಕೈ ಎತ್ತಿದವರಲ್ಲ. ಕೇಳಿದರೆ ಉತ್ತರ ಕೊಡುತ್ತಾರೆ, ಕೇಳದಿದ್ದರೆ ಇಲ್ಲ.

ಎರಡೂವರೆ ವರ್ಷದ ಹಿಂದೆ ಒಂದು ಮಂಗಳವಾರ ಚಿಕ್ಕಮ್ಮ, "ಸ್ವಲ್ಪ ದಿನ ಅಕ್ಕನ ಮನೇಲಿ ಇದ್ದು ಬರ್ತೀನಿ" ಎಂದರು. ಚಿಕ್ಕಪ್ಪ "ಹೂಂ" ಎಂದರು. ಜಗಳವಿಲ್ಲ, ಕಣ್ಣೀರಿಲ್ಲ. ಸೂಟ್‌ಕೇಸು ಹಿಡಿದು ಬಸ್ಸಿಗೆ ಹತ್ತಿಸಿ ಬಂದರು. ಸ್ವಲ್ಪ ದಿನ ತಿಂಗಳಾಯಿತು, ತಿಂಗಳು ವರ್ಷವಾಯಿತು. ನನ್ನ ಅಪ್ಪ, ಅಂದರೆ ಚಿಕ್ಕಪ್ಪನ ಅಣ್ಣ, "ಹೋಗಿ ಕರ್ಕೊಂಡು ಬಾರೋ" ಎಂದು ಹೇಳಿ ಹೇಳಿ ಸೋತರು.

"ಅವಳೇನು ದಾರಿ ತಪ್ಪಿಸ್ಕೊಂಡಿದ್ದಾಳಾ, ಕರ್ಕೊಂಡು ಬರೋಕೆ?" ಎಂದರು ಚಿಕ್ಕಪ್ಪ. ಸಿಟ್ಟಿಲ್ಲ, ದುಃಖವಿಲ್ಲ. ಬಸ್ಸು ಎಷ್ಟು ಗಂಟೆಗೆ ಎಂದು ತಿಳಿಸುವ ಕಿಟಕಿಯವನ ದನಿ.

ಅವರಿಗೆ ಆದ ತೊಂದರೆ ಒಂದೇ. ಮನೆಯಲ್ಲಿ ಸದ್ದಿರಲಿಲ್ಲ. ಊಟಕ್ಕೆ ಕೂತರೆ ತಟ್ಟೆಗೆ ಚಮಚ ತಾಗುವುದು ಕೇಳಿಸುತ್ತಿತ್ತು, ತಾವೇ ಅಗಿಯುವುದು ಕೇಳಿಸುತ್ತಿತ್ತು. ಅಡುಗೆಮನೆಯ ಗೂಡಿನಲ್ಲಿ ಚಿಕ್ಕಮ್ಮ ಬಿಟ್ಟುಹೋದ ಹಳೆಯ ಫೋನು ಇತ್ತು. ಬೆಳಗ್ಗೆ ಕೆಲಸ ಮಾಡುತ್ತ ಅವರು ಅದರಲ್ಲಿ ಯಾವುದೋ ಪರಭಾಷೆಯ ಪಾಡ್‌ಕಾಸ್ಟ್ ಹಾಕಿಕೊಳ್ಳುತ್ತಿದ್ದರು. ಚಿಕ್ಕಪ್ಪ ಆಗೆಲ್ಲ "ಅದೇನು ಕೊರೆತ" ಎಂದು ಬಾಗಿಲು ಮುಂದೆ ಮಾಡಿಕೊಳ್ಳುತ್ತಿದ್ದವರು. ಈಗ ತಾವೇ ಒತ್ತಿದರು. ಗಂಟಲು ಸ್ವಲ್ಪ ಒಡೆದ ಹೆಂಗಸೊಬ್ಬಳು ನಿಧಾನವಾಗಿ ಮಾತಾಡತೊಡಗಿದಳು. ಒಂದಕ್ಷರ ತಿಳಿಯಲಿಲ್ಲ. ಊಟ ಮಾತ್ರ ಒಳಗೆ ಇಳಿಯಿತು.

ಆಮೇಲೆ ಆ ಫೋನು ಕೆಲಸದ ಕೋಣೆಗೂ ಬಂತು. ಒಂದು ಕಂತು ಮುಗಿದರೆ ಅದಕ್ಕಿಂತ ಹಳೆಯದು ತಾನಾಗಿ ಶುರುವಾಗುತ್ತಿತ್ತು. ಪಾಲಿಶ್ ಯಂತ್ರದ ಮುಂದೆ ಕೂರುವ ಹೆಂಗಸು ತಿಂಗಳುಗಟ್ಟಲೆ ಸಹಿಸಿಕೊಂಡು ಒಂದು ದಿನ ಕೇಳಿಯೇ ಬಿಟ್ಟರು.

"ಅಲ್ಲ ಅಣ್ಣಾ, ಅವಳು ಏನು ಹೇಳ್ತಿದ್ದಾಳೆ?"

"ಗೊತ್ತಿಲ್ಲ."

"ಗೊತ್ತಿಲ್ಲದೆ ದಿನವಿಡೀ ಕೇಳ್ತೀರಾ?"

"ಗೊತ್ತಿಲ್ಲ ಅಂತಾನೇ ಕೇಳ್ತೀನಿ. ಗೊತ್ತಾಗೋ ಮಾತಾದ್ರೆ ಉತ್ತರ ಕೊಡಬೇಕಾಗುತ್ತೆ."

ಹೀಗೇ ಎರಡು ವರ್ಷ. ಮುಂದಿನದನ್ನು ನನಗೆ ಹೇಳಿದ್ದು ಆ ಪಾಲಿಶ್ ಹೆಂಗಸೇ. ಮಧ್ಯಾಹ್ನ ಮೂರರ ಹೊತ್ತು. ಅವರು ಯಂತ್ರ ನಿಲ್ಲಿಸಿ ಅದರ ಉಜ್ಜುವ ಬಟ್ಟೆ ಬದಲಿಸುತ್ತಿದ್ದರು. ಚಿಕ್ಕಪ್ಪ ಮೇಲ್ದವಡೆಯ ಮುಂದಿನ ಹಲ್ಲು ಕೂರಿಸುತ್ತಿದ್ದರು. ಆ ಕಂತಿನಲ್ಲಿ ಬೇರೆ ಬೇರೆ ಜನ ಮಾತಾಡುತ್ತಿದ್ದರು. ಒಬ್ಬಳು ಎರಡು ಸಲ ಸಣ್ಣಗೆ ಕೆಮ್ಮಿ ಮಾತು ಶುರು ಮಾಡಿದಳು. ಚಿಕ್ಕಪ್ಪನ ಕೈ ನಿಂತಿತು. ಅವಳು ಅದೇ ಪರಭಾಷೆಯಲ್ಲಿ, ತಡವರಿಸದೆ ಹೇಳುತ್ತ ಹೋದಳು. ನಡುವೆ ಎಲ್ಲೋ ದೂರದಿಂದ ಒಂದು ಗಂಡಸಿನ ದನಿ, ನಮ್ಮ ಭಾಷೆಯಲ್ಲಿ:

"ನನ್ನ ಟವೆಲ್ ಎಲ್ಲಿಟ್ಟಿದ್ದೀಯೇ?"

"ಕಣ್ಣೆದುರಿಗೇ ಇದೆ ನೋಡಿ," ಎಂದಳು ಆ ಹೆಂಗಸು, ಮತ್ತೆ ಪರಭಾಷೆಗೆ ಹೊರಳಿದಳು.

"ಅಣ್ಣಾ, ಅದು ನಿಮ್ಮ ದನಿ ಅಲ್ವಾ?"

"ಹೌದು" ಎಂದು ಚಿಕ್ಕಪ್ಪ ಮುಂದಿನ ಹಲ್ಲು ಎತ್ತಿಕೊಂಡರು. ಸಂಜೆ ನೋಡಿದರೆ ಬಲಗಡೆಯ ಹಲ್ಲು ಎಡಕ್ಕೆ, ಎಡಗಡೆಯದು ಬಲಕ್ಕೆ ಕೂತಿತ್ತು. ಅವರ ಕೈಯಿಂದ ಅಂಥ ತಪ್ಪು ಆದದ್ದನ್ನು ಆ ಕೋಣೆಯಲ್ಲಿ ಯಾರೂ ಕಂಡಿರಲಿಲ್ಲ.

ಭಾನುವಾರ ಬೆಳಗ್ಗೆ ಚಿಕ್ಕಪ್ಪ ನನ್ನ ಮನೆಗೆ ಬಂದು ಫೋನನ್ನು ಮೇಜಿನ ಮೇಲಿಟ್ಟರು. ನಾನು ಹಡಗಿನ ಸರಕಿನ ಕಚೇರಿಯಲ್ಲಿ ಪರದೇಶದ ಪತ್ರಗಳನ್ನು ಅನುವಾದ ಮಾಡುವವಳು.

"ಇದು ಯಾವ ಭಾಷೆ?" ಎಂದರು.

"ಪೋರ್ಚುಗೀಸ್. ಇಷ್ಟು ದಿನ ಅದೂ ಗೊತ್ತಿಲ್ವಾ ಚಿಕ್ಕಪ್ಪ?"

"ಕೇಳಿರಲಿಲ್ಲ."

ಅವರನ್ನು ಅನ್ನುವ ಬಾಯಿ ನನಗೂ ಇರಲಿಲ್ಲ. ಏಳು ವರ್ಷದ ಹಿಂದೆ ಚಿಕ್ಕಮ್ಮ ನನ್ನ ಹಳೆಯ ಪಾಠದ ಪುಸ್ತಕಗಳನ್ನು ಕೇಳಿ ತೆಗೆದುಕೊಂಡು ಹೋಗಿದ್ದರು. ಹೊತ್ತು ಹೋಗಲಿಕ್ಕೆ ಅಂದುಕೊಂಡೆ. ಎಷ್ಟು ಕಲಿತಿರಿ ಎಂದು ಒಂದು ದಿನವೂ ವಿಚಾರಿಸಲಿಲ್ಲ.

ಕಾರ್ಯಕ್ರಮ ಮನಸ್ಸಿನ ಬೆಳವಣಿಗೆ, ನೆನಪು, ಸಂಬಂಧ, ಕಲೆ ಇವುಗಳ ಬಗ್ಗೆ. ಚಿಕ್ಕಮ್ಮ ಮನೆ ಬಿಡುವುದಕ್ಕೂ ಮುಂಚಿನ ಆ ಕಂತಿನ ಪ್ರಶ್ನೆ ಹೀಗಿತ್ತು: ದಿನವೂ ಕಣ್ಣಿಗೆ ಬಿದ್ದರೂ ನೀವು ನೋಡದೇ ಬಿಟ್ಟ ವಸ್ತು ನಿಮ್ಮ ಮನೆಯಲ್ಲಿ ಯಾವುದು? ಕೇಳುಗರು ತಮ್ಮ ದನಿಯಲ್ಲೇ ಉತ್ತರ ಕಳಿಸಿದ್ದರು. ನಾನು ತಡೆತಡೆದು ಚಿಕ್ಕಮ್ಮನ ಮಾತನ್ನು ನಮ್ಮ ಮಾತಿಗೆ ತಿರುಗಿಸಿದೆ.

"ನನ್ನ ಗಂಡ ಹಲ್ಲು ಮಾಡುತ್ತಾರೆ. ಹಳೆಯ ದವಡೆಯ ಅಚ್ಚುಗಳು ನಮ್ಮ ಮನೆಯ ಕಪಾಟಿನಲ್ಲಿವೆ. ಇಪ್ಪತ್ತು ವರ್ಷ ಅವುಗಳ ಧೂಳು ಒರೆಸಿದೆ. ಒಂದು ದಿನ ಒಂದನ್ನು ಕೂತು ನೋಡಿದೆ. ಪೆನ್ಸಿಲ್ ತೆಗೆದುಕೊಂಡು ಅದರ ಚಿತ್ರ ಬರೆದೆ. ಈಗ ಅವರು ಕೆಲಸಕ್ಕೆ ಹೋದ ಮೇಲೆ ದಿನಕ್ಕೊಂದು ಬರೆಯುತ್ತೇನೆ. ಇವರಲ್ಲಿ ಎಷ್ಟೋ ಜನ ತೀರಿಹೋಗಿದ್ದಾರೆ, ಅವರ ಬಾಯಿ ನಮ್ಮ ಮನೆಯಲ್ಲಿದೆ. ಯಾರದ್ದು ಯಾವ ಬಾಯಿ ಎಂದು ನನ್ನ ಗಂಡ ಕಣ್ಣು ಮುಚ್ಚಿಕೊಂಡು ಹೇಳಬಲ್ಲರು. ನಾನು ಬಾಯಿ ಮುಚ್ಚಿಕೊಂಡದ್ದು ಅವರಿಗೆ ಗೊತ್ತಾಗಲಿಲ್ಲ."

ಅಲ್ಲಿ ಟವೆಲ್ಲಿನ ಮಾತು ಬಂತು. ನಾನು ತಲೆ ಎತ್ತಲಿಲ್ಲ.

"ಮನೆಯ ಭಾಷೆಯಲ್ಲಿ ಇಷ್ಟೇ ಉಳಿದಿದೆ. ಅದಕ್ಕೇ ಇನ್ನೊಂದು ಕಲಿತೆ."

ಚಿಕ್ಕಪ್ಪ ಇನ್ನೊಮ್ಮೆ ಹಾಕು ಎನ್ನಲಿಲ್ಲ. ಕಾಫಿ ಕುಡಿದು ಲೋಟ ತಾವೇ ತೊಳೆದಿಟ್ಟರು.

"ಬೇಜಾರಾಯ್ತಾ ಚಿಕ್ಕಪ್ಪ?"

ಅವರು ಅಂಗೈಯನ್ನು ಎದೆಯ ಮೇಲಿಟ್ಟುಕೊಂಡು, ಅಲ್ಲೇನಾದರೂ ಇದೆಯೇ ಎಂದು ಹುಡುಕುವವರ ಹಾಗೆ ನಿಂತರು. "ಆಗಬೇಕು ಅಂತ ಗೊತ್ತಾಗ್ತಿದೆ," ಎಂದರು.

ನನ್ನ ಮುಂದೆಯೇ ಚಿಕ್ಕಮ್ಮನಿಗೆ ಫೋನು ಮಾಡಿದರು.

"ನಿನ್ನ ಮಾತು ಕೇಳಿದೆ, ಆ ಫೋನಿನಲ್ಲಿ," ಎಂದರು.

"ಅರ್ಥ ಆಯ್ತಾ?" ಎಂದರು ಚಿಕ್ಕಮ್ಮ.

"ಟವೆಲ್ ಅರ್ಥ ಆಯ್ತು. ಉಳಿದದ್ದನ್ನ ನಮ್ಮ ಹುಡುಗಿ ಹೇಳಿದಳು."

ಚಿಕ್ಕಮ್ಮ ನಕ್ಕಿದ್ದು ನನಗೂ ಕೇಳಿಸಿತು. ಆ ನಗುವಿನಲ್ಲಿ ಪ್ರೀತಿ ಇತ್ತೆಂದು ನಾನು ಹೇಳಲಾರೆ. ಆಯಾಸ ಇತ್ತು.

"ಆ ಚಿತ್ರ ನೋಡಬಹುದಾ?" ಎಂದರು ಚಿಕ್ಕಪ್ಪ.

ಮುಂದಿನ ಭಾನುವಾರ ಹೋದರು. ಚಿಕ್ಕಮ್ಮ ಈಗ ಚಿತ್ರಗಳಿಗೆ ಕಟ್ಟು ಹಾಕುವ ಅಂಗಡಿಯಲ್ಲಿ ಕೆಲಸ ಮಾಡುತ್ತಾರೆ. ಅಕ್ಕನ ಮನೆಯ ಹಿಂದಿನ ಕೋಣೆಯ ನೆಲದ ಮೇಲೆ ಇನ್ನೂರು ಚಿಲ್ಲರೆ ಹಾಳೆಗಳನ್ನು ಹರಡಿದರಂತೆ. ಚಿಕ್ಕಪ್ಪ ಮಂಡಿಯೂರಿ ಕೂತು, ಕನ್ನಡಕ ಮೇಲೇರಿಸಿ ಒಂದೊಂದನ್ನೇ ನೋಡಿದರು. ಚೆನ್ನಾಗಿದೆ ಎನ್ನಲಿಲ್ಲ. "ಇದು ಅಂಚೆಯವನದು" ಎಂದರು. "ಇದು ಹಾಡು ಕಲಿಸ್ತಿದ್ದ ಟೀಚರದು. ಇವರು ತೀರಿಕೊಂಡರು. ಇದು ಬೇಕರಿಯವನದು, ಸೆಟ್ಟು ಮಾಡಿಸಿಕೊಂಡು ಹಾಕಿಕೊಳ್ಳಲೇ ಇಲ್ಲ." ಚಿಕ್ಕಮ್ಮ ಪ್ರತಿ ಹಾಳೆಯ ಕೆಳಗೆ ಪೆನ್ಸಿಲಿನಲ್ಲಿ ಬರೆದುಕೊಂಡರು. ಒಂದರಲ್ಲಿ ಕೆಳಗಿನ ಸಾಲು ಮೇಲಿನದಕ್ಕೆ ಕೂಡುತ್ತಿಲ್ಲ ಎಂದು ಚಿಕ್ಕಪ್ಪ ತೋರಿಸಿದರು. ಚಿಕ್ಕಮ್ಮ ಒಪ್ಪಲಿಲ್ಲ. ಇಬ್ಬರೂ ಆ ಹಾಳೆಯ ಮೇಲೆ ಕಾಲು ಗಂಟೆ ವಾದ ಮಾಡಿದರಂತೆ. ಅವರಿಬ್ಬರು ಅಷ್ಟು ಹೊತ್ತು ಮಾತಾಡಿದ್ದನ್ನು ತಾನು ಕಂಡಿರಲಿಲ್ಲ ಎಂದರು ಚಿಕ್ಕಮ್ಮನ ಅಕ್ಕ.

ಅಂದಿನಿಂದ ಚಿಕ್ಕಪ್ಪ ತಿಂಗಳಿಗೊಮ್ಮೆ ಹೋಗಿ ಬರುತ್ತಾರೆ. ಚಿಕ್ಕಮ್ಮ ವಾಪಸು ಬರುವ ಮಾತಿಲ್ಲ. ಚಿಕ್ಕಪ್ಪ ಕರೆದೂ ಇಲ್ಲ. ಮೂರನೆಯ ಸಲ ಹೋದಾಗ ಚಿಕ್ಕಮ್ಮ ನೇರವಾಗಿ ಕೇಳಿದರಂತೆ, "ನಾನು ಹೊರಟ ದಿನ ನಿಮಗೆ ಏನನ್ನಿಸ್ತು?"

"ಏನೂ ಅನ್ನಿಸಲಿಲ್ಲ," ಎಂದರಂತೆ ಚಿಕ್ಕಪ್ಪ. "ಸುಳ್ಳು ಹೇಳಲಾ?"

"ಬೇಡ," ಎಂದರಂತೆ ಚಿಕ್ಕಮ್ಮ. "ಬಸ್ಸು ಹತ್ತುವಾಗ ನನಗೂ ಏನೂ ಅನ್ನಿಸಿರಲಿಲ್ಲ. ಇಪ್ಪತ್ತೆಂಟು ವರ್ಷ ಸಂಸಾರ ಮಾಡಿದ್ಮೇಲೆ ಏನಾದ್ರೂ ಅನ್ನಿಸಬೇಕಿತ್ತು ಅಂತ ಒಂದೇ ಹೆದರಿಕೆ."

ಇದನ್ನು ಚಿಕ್ಕಮ್ಮನೇ ನನಗೆ ಹೇಳಿದ್ದು. ಆ ಸಂಜೆ ಚಿಕ್ಕಪ್ಪನಿಗೆ ಫೋನು ಮಾಡಿ ಹೇಗಿತ್ತು ಎಂದು ಕೇಳಿದೆ.

"ಹೋಗಿದ್ದೆ, ಬಂದೆ," ಎಂದರು. ಆಮೇಲೆ, "ಮುಂದಿನ ತಿಂಗಳೂ ಹೋಗ್ತೀನಿ. ಅವಳು ಬರಬೇಡಿ ಅಂದಿಲ್ಲ," ಎಂದರು.